ಕಾಜಾದ ಮೇಲಿನ ಮೂರು ಊರುಗಳು: ಒಂಟಿ ಸೈಕಲ್ ಸವಾರರಿಗೆ ಒಂದು ದಿನದ ಮಾರ್ಗದರ್ಶಿ

ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಯ ಮುಖ್ಯ ಊರಾದ ಕಾಜಾದಿಂದ ಬೆಳಿಗ್ಗೆ ಹೊರಟು, ಲಾಂಗ್ಜಾ, ಹಿಕ್ಕಿಂ ಮತ್ತು ಕೋಮಿಕ್ ಎಂಬ ಮೂರು ಊರುಗಳನ್ನು ಸುತ್ತಿಕೊಂಡು ಸಂಜೆಗೆ ಮುಂಚೆ ಮರಳುವ ಜಲ್ಲಿದಾರಿಯ ಉದ್ದ ಸುಮಾರು 45 ಕಿ.ಮೀ. ಭಾನುವಾರ ಬೆಳಗಿನ ಜಾವ ಎದ್ದು ನಂದಿಬೆಟ್ಟಕ್ಕೆ ಹೋಗಿಬರುವ ಬೆಂಗಳೂರಿನ ಸವಾರರಿಗೆ ಈ ಅಂಕಿ ನಗು ತರಿಸಬಹುದು. ಆದರೆ ಕಾಜಾ ಇರುವುದೇ ಸುಮಾರು 3,700 ಮೀಟರ್ ಎತ್ತರದಲ್ಲಿ. ದಾರಿಯಲ್ಲಿ ಸಿಗುವ ಅತಿ ಎತ್ತರದ ಊರಾದ ಕೋಮಿಕ್ 4,587 ಮೀಟರಿನಲ್ಲಿದೆ. ನಮ್ಮ ರಾಜ್ಯದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್ ಎಂಬುದನ್ನು ನೆನೆದರೆ, ಈ ಸವಾರಿಯ ಅತಿ ತಗ್ಗಿನ ಜಾಗವೂ ಅದರ ಹೆಚ್ಚುಕಡಿಮೆ ಇಮ್ಮಡಿ ಎತ್ತರದಲ್ಲಿದೆ ಎಂಬುದು ಮನಸ್ಸಿಗೆ ಬರುತ್ತದೆ.

ಇಲ್ಲಿ ಒಬ್ಬರೇ ಹೋಗುವವರ ದಿನವನ್ನು ನಿರ್ಧರಿಸುವುದು ಕಾಲಿನ ಕಸುವಲ್ಲ, ಉಸಿರು ಮತ್ತು ಗಡಿಯಾರ. ಇಬ್ಬರಿದ್ದರೆ ಒಬ್ಬರ ಹಟವನ್ನು ಇನ್ನೊಬ್ಬರು ತಡೆಯುತ್ತಾರೆ. ಒಬ್ಬರೇ ಇದ್ದಾಗ ಆ ಕೆಲಸವನ್ನು ಹಿಂದಿನ ರಾತ್ರಿ ಕಾಗದದ ಮೇಲೆ ಬರೆದಿಟ್ಟ ತೀರ್ಮಾನವೇ ಮಾಡಬೇಕಾಗುತ್ತದೆ. ಮುಂದಿನ ಮಾತುಗಳೆಲ್ಲ ಆ ಚೀಟಿಯಲ್ಲಿ ಏನು ಬರೆಯಬೇಕು ಮತ್ತು ಬರೆದದ್ದನ್ನು ಹೇಗೆ ಪಾಲಿಸಬೇಕು ಎಂಬುದರ ಸುತ್ತಲೇ ಇವೆ.

ದಾರಿಯ ಆಯ್ಕೆ

ಸ್ಪಿತಿಯಲ್ಲಿ ಒಂದು ದಿನದ ಸವಾರಿಗೆ ಒದಗುವ ಕಣಿವೆಗಳು ಹಲವಿವೆ. ಕಾಜಾದಿಂದ ನದಿಯ ಜೊತೆ ಕೆಳಗೆ ಸಾಗಿ, ಅಟ್ಟರ್ಗೋ ಸೇತುವೆಯ ಬಳಿ ಸ್ಪಿತಿ ನದಿಯನ್ನು ದಾಟಿ, ಪಿನ್ ಕಣಿವೆಯೊಳಗೆ ಮುದ್ ಎಂಬ ಕೊನೆಯ ಊರಿನವರೆಗೆ ಸುಮಾರು 50 ಕಿ.ಮೀ. ಹೋಗಬಹುದು. ಕೀ ಮಠದ ಮೇಲಿಂದ ಕಿಬ್ಬರ್ ತಲುಪಿ, 2017ರಲ್ಲಿ ಸಂಚಾರಕ್ಕೆ ತೆರೆದ ಚಿಚಂ ಸೇತುವೆಯವರೆಗೆ ಹೋಗಿ ಬರುವುದು ಮತ್ತೊಂದು ದಾರಿ. ಇವೆರಡೂ ಚೆನ್ನಾಗಿವೆ. ಆದರೂ ಮೊದಲ ಸಲ ಒಬ್ಬರೇ ಹೋಗುವವರಿಗೆ ನಾನು ಸೂಚಿಸುವುದು ಲಾಂಗ್ಜಾ ಸುತ್ತನ್ನೇ, ಏಕೆಂದರೆ ಪ್ರವಾಸದ ತಿಂಗಳುಗಳಲ್ಲಿ ಈ ದಾರಿಯಲ್ಲಿ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಬಾಡಿಗೆ ವಾಹನಗಳು ಓಡಾಡುತ್ತಿರುತ್ತವೆ. ಏಕಾಂತವನ್ನು ಹುಡುಕಿಕೊಂಡು ಬಂದವರಿಗೆ ವಾಹನದ ಧೂಳು ಕಿರಿಕಿರಿಯೇ ಸರಿ. ಆದರೆ ಚೈನು ತುಂಡಾದ ಗಳಿಗೆಯಲ್ಲಿ ದೂರದ ತಿರುವಿನಿಂದ ಏಳುವ ಆ ಧೂಳಿನಷ್ಟು ಹಿತವಾದ ನೋಟ ಮತ್ತೊಂದಿಲ್ಲ. ಸುತ್ತುದಾರಿಯಾದ್ದರಿಂದ ಬಂದ ದಾರಿಯಲ್ಲೇ ಮರಳಬೇಕಾಗಿಲ್ಲ ಎಂಬುದು ಇನ್ನೊಂದು ಅನುಕೂಲ.

ಪಿನ್ ಕಣಿವೆಗೆ ಹೊರಡುವವರು ಗಾಳಿಯ ಲೆಕ್ಕವನ್ನು ಮೊದಲು ಹಾಕಬೇಕು. ಬಿಸಿಲೇರಿದಂತೆ ಈ ಕಣಿವೆಗಳಲ್ಲಿ ಗಾಳಿ ಸಾಮಾನ್ಯವಾಗಿ ನದಿ ಹರಿಯುವ ದಿಕ್ಕಿಗೆ ಎದುರಾಗಿ, ಅಂದರೆ ಕೆಳಗಿನಿಂದ ಮೇಲಕ್ಕೆ ಬೀಸತೊಡಗುತ್ತದೆ. ಹೀಗಾಗಿ ಮಧ್ಯಾಹ್ನ ಮುದ್‌ನಿಂದ ಇಳಿದು ಬರುವವರು ಇಳಿಜಾರಿನಲ್ಲಿಯೂ ಪೆಡಲ್ ತುಳಿಯಬೇಕಾಗುತ್ತದೆ. ಮೊದಲ ದಿನ ಮುದ್‌ನಲ್ಲೇ ತಂಗಿ, ಮರುದಿನ ಮುಂಜಾನೆ ಮರಳುವುದು ಮೇಲು.

ಯಾವ ತಿಂಗಳು, ಯಾವ ಕಡೆಯಿಂದ

ಜೂನ್ ಮಧ್ಯದಿಂದ ಸೆಪ್ಟೆಂಬರ್ ಕೊನೆಯವರೆಗೆ ಈ ದಾರಿ ಸೈಕಲ್ಲಿಗೆ ಒಗ್ಗುತ್ತದೆ. ಸ್ಪಿತಿ ಮಳೆನೆರಳಿನ ಪ್ರದೇಶವಾದ್ದರಿಂದ ಜುಲೈ, ಆಗಸ್ಟ್ ತಿಂಗಳುಗಳಲ್ಲಿಯೂ ಕಣಿವೆಯೊಳಗೆ ಮಳೆ ಕಡಿಮೆ. ಆದರೆ ಅಲ್ಲಿಗೆ ತಲುಪಿಸುವ ಕಿನ್ನೌರ್ ಮತ್ತು ಮನಾಲಿ ಕಡೆಯ ರಸ್ತೆಗಳು ಅದೇ ತಿಂಗಳುಗಳಲ್ಲಿ ಗುಡ್ಡ ಕುಸಿದು ಮುಚ್ಚಿಹೋಗುವುದುಂಟು. ನನ್ನ ಆಯ್ಕೆ ಸೆಪ್ಟೆಂಬರ್ ಮೊದಲ ಮೂರು ವಾರಗಳು. ಆಗ ಆಕಾಶ ತಿಳಿಯಾಗಿರುತ್ತದೆ, ಬಾರ್ಲಿ ಹೊಲಗಳು ಹೊಂಬಣ್ಣಕ್ಕೆ ತಿರುಗಿರುತ್ತವೆ, ಬೆಳಕು ಸುಮಾರು ಆರರಿಂದ ಸಂಜೆ ಆರೂವರೆಯವರೆಗೆ ಸಿಗುತ್ತದೆ.

ಮನಾಲಿಯಿಂದ ಕುಂಜುಂ ಕಣಿವೆಮಾರ್ಗ ದಾಟಿ ಬಂದರೆ ಬೇಗ ತಲುಪಬಹುದು, ಆದರೆ ದೇಹಕ್ಕೆ ಅದು ಕ್ರೂರವಾದ ದಾರಿ: ಸುಮಾರು 2,000 ಮೀಟರಿನಲ್ಲಿ ಮಲಗಿ ಎದ್ದವರು ಅದೇ ದಿನ 4,500 ಮೀಟರ್ ದಾಟಿ ಕಾಜಾದಲ್ಲಿ ಮಲಗಬೇಕಾಗುತ್ತದೆ. ಶಿಮ್ಲಾದಿಂದ ಕಿನ್ನೌರ್ ಮೂಲಕ ಬರುವ ದಾರಿ ಉದ್ದವಾದರೂ ನಿಧಾನವಾಗಿ ಏರಿಸುತ್ತದೆ. ಶಿಮ್ಲಾ ಸುಮಾರು 2,200 ಮೀಟರ್, ಕಲ್ಪಾ 2,960, ತಾಬೋ 3,280, ಆಮೇಲೆ ಕಾಜಾ. 3,000 ಮೀಟರಿನ ಮೇಲೆ, ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು ಎಂದು ಪರ್ವತ ವೈದ್ಯರು ಹೇಳುವ ನಿಯಮಕ್ಕೆ ಈ ದಾರಿ ತಾನಾಗಿಯೇ ಹೊಂದುತ್ತದೆ. ರಾಜ್ಯ ಸಾರಿಗೆಯ ಬಸ್ಸುಗಳ ಛಾವಣಿಯ ಮೇಲೆ ಸೈಕಲ್ಲನ್ನು ಕಟ್ಟಬಹುದು. ಹಗ್ಗಕ್ಕಿಂತ ಹಳೆಯ ಟ್ಯೂಬುಗಳೇ ಕಟ್ಟಲು ಉತ್ತಮ. ಗೇರು ಬದಲಿಸುವ ಡಿರೇಲರ್ ಇರುವ ಬದಿ ಮೇಲಾಗುವಂತೆ ಮಲಗಿಸುವುದನ್ನು ಮಾತ್ರ ನೀವೇ ಛಾವಣಿ ಹತ್ತಿ ನೋಡಿಕೊಳ್ಳಬೇಕು. ಭಾರತೀಯ ಪ್ರಜೆಗಳಿಗೆ ಈ ದಾರಿಯಲ್ಲಿ ಪರವಾನಗಿ ಬೇಕಾಗುವುದಿಲ್ಲ. ಹೊರದೇಶದ ಪಾಸ್‌ಪೋರ್ಟ್ ಹೊಂದಿರುವ ಕನ್ನಡಿಗರು ಕಿನ್ನೌರ್ ಕಡೆಯಿಂದ ಬರುವುದಾದರೆ ಗಡಿಪ್ರದೇಶದ ಪ್ರವೇಶಕ್ಕೆ ಇನ್ನರ್ ಲೈನ್ ಪರ್ಮಿಟ್ ಪಡೆಯಬೇಕು.

ಕಾಜಾದಲ್ಲಿ ಎರಡು ರಾತ್ರಿ

ಕಾಜಾ ತಲುಪಿದ ಮರುದಿನವೇ ಮೇಲೇರಬಾರದು. ಇದನ್ನು ಬುದ್ಧಿವಾದವಾಗಿ ಹೇಳುತ್ತಿಲ್ಲ, ನಾನೇ ಮಾಡಿ ನೋಡಿದ ತಪ್ಪು. ಮೊದಲ ಸಲ ಹೋದಾಗ ರಜೆಯ ದಿನಗಳು ಕಡಿಮೆ ಇದ್ದುದರಿಂದ ಬಸ್ಸಿಳಿದ ಮರುದಿನ ಬೆಳಿಗ್ಗೆಯೇ ಹೊರಟೆ. ಲಾಂಗ್ಜಾಕ್ಕೆ ಇನ್ನು ನಾಲ್ಕೈದು ಕಿ.ಮೀ. ಇರುವಾಗ ಹಣೆಯಲ್ಲಿ ಶುರುವಾದ ನೋವು ಹಿಂತಲೆಗೆ ಇಳಿಯಿತು. ಬಿಸ್ಕತ್ತಿನ ಪೊಟ್ಟಣ ತೆರೆದೆ. ವಾಸನೆಗೇ ವಾಕರಿಕೆ ಬಂತು. ಕಾಲು ಇನ್ನೂ ಗಟ್ಟಿಯಾಗಿಯೇ ಇದ್ದುದರಿಂದ ಇನ್ನೊಂದು ತಿರುವು, ಇನ್ನೊಂದು ತಿರುವು ಎಂದುಕೊಳ್ಳುತ್ತ ಅರ್ಧ ಗಂಟೆ ಕಳೆದ ಮೇಲೆ, ಜಾಕೆಟ್ಟಿನ ಜಿಪ್ ಹಾಕಿಕೊಳ್ಳಲು ಬೆರಳುಗಳು ತಡವರಿಸುತ್ತಿರುವುದನ್ನು ಕಂಡು ಹೆದರಿ ಸೈಕಲ್ ತಿರುಗಿಸಿದೆ. ಸಂಜೆ ಮನೆಯೊಡತಿ ಬೆಳ್ಳುಳ್ಳಿ ಸಾರನ್ನು ಮುಂದಿಟ್ಟು, ಬಯಲುಸೀಮೆಯವರೆಲ್ಲ ಹೀಗೇ ಎಂಬಂತೆ ತಲೆಯಾಡಿಸಿದರು.

ಆದ್ದರಿಂದ ಮೊದಲ ದಿನ ಊರಿನೊಳಗೆ ನಡೆದಾಡಿ, ಎರಡನೆಯ ದಿನ ಕೀ ಮಠದವರೆಗೆ ನಿಧಾನವಾಗಿ ಸೈಕಲ್ ತುಳಿದು ಹಿಂತಿರುಗುವುದು ಒಳ್ಳೆಯದು. ಮಠ 4,166 ಮೀಟರ್ ಎತ್ತರದಲ್ಲಿದೆ. ಹಗಲು ಎತ್ತರಕ್ಕೇರಿ ರಾತ್ರಿ ತಗ್ಗಿನಲ್ಲಿ ಮಲಗುವುದು ದೇಹಕ್ಕೆ ಪಾಠ ಕಲಿಸುವ ಹಳೆಯ ಉಪಾಯ. ಆ ದಿನ ಬ್ರೇಕು, ಗೇರು, ಟೈರುಗಳ ಪರೀಕ್ಷೆಯೂ ಆಗಿಬಿಡುತ್ತದೆ. ಎತ್ತರದ ಬಾಧೆಗೆ ಅಸೆಟಜೋಲಮೈಡ್ ಮಾತ್ರೆಯನ್ನು ಮುಂಚಿತವಾಗಿ ತೆಗೆದುಕೊಳ್ಳುವವರಿದ್ದಾರೆ. ಸಲ್ಫಾ ಔಷಧಗಳು ಆಗದವರಿಗೆ ಅದು ಅಪಾಯಕಾರಿಯಾಗಬಹುದಾದ್ದರಿಂದ ಊರಿನಲ್ಲಿರುವಾಗಲೇ ವೈದ್ಯರನ್ನು ಕೇಳಿ ತೀರ್ಮಾನಿಸಬೇಕು. ಮೂರನೆಯ ದಿನ ಬೆಳಿಗ್ಗೆ ತಲೆನೋವಿದ್ದರೆ, ಹಸಿವಿಲ್ಲದಿದ್ದರೆ, ಇಡೀ ರಾತ್ರಿ ನಿದ್ದೆ ಬಾರದಿದ್ದರೆ ಅಂದು ಹೊರಡಬಾರದು. ಕಾಜಾದಲ್ಲಿ ಸಮುದಾಯ ಆರೋಗ್ಯ ಕೇಂದ್ರವಿದೆ. ಅಲ್ಲಿಗೆ ಹೋಗಿ ರಕ್ತದ ಆಮ್ಲಜನಕ ನೋಡಿಸಿಕೊಳ್ಳಲು ಸಂಕೋಚ ಪಡಬೇಕಾಗಿಲ್ಲ.

ಸೈಕಲ್ಲು, ಟೈರು ಮತ್ತು ಗಾಳಿಯ ಒತ್ತಡ

ಲಾಂಗ್ಜಾ ಕಡೆಯ ದಾರಿಗೆ ಅಲ್ಲಲ್ಲಿ ಡಾಂಬರು ಬಿದ್ದಿದೆ. ಉಳಿದದ್ದು ಜಲ್ಲಿ, ಹುಡಿಮಣ್ಣು ಮತ್ತು ಚಪ್ಪಟೆಯಾಗಿ ಒಡೆಯುವ ಕಪ್ಪು ಪದರಗಲ್ಲು. ಜಲ್ಲಿಗಿಂತ ಈ ಪದರಗಲ್ಲಿನ ಬಗ್ಗೆಯೇ ಎಚ್ಚರ ಹೆಚ್ಚು ಬೇಕು, ಏಕೆಂದರೆ ಅದರ ಅಂಚು ಚಾಕುವಿನಂತೆ ಟೈರಿನ ಪಕ್ಕವನ್ನು ಸೀಳುತ್ತದೆ. 40 ಮಿ.ಮೀ.ಗಿಂತ ಕಿರಿದಾದ ಟೈರು ಬೇಡ. 45 ಇದ್ದರೆ ನೆಮ್ಮದಿ. ಪಕ್ಕಗಳು ದಪ್ಪವಿರುವ, ಒಳಗೆ ಟ್ಯೂಬ್ ಇಲ್ಲದ ಟ್ಯೂಬ್‌ಲೆಸ್ ಟೈರನ್ನೇ ಆರಿಸಬೇಕು. ಗೇರಿನ ವಿಷಯದಲ್ಲಿ ಹೆಮ್ಮೆಯನ್ನು ಮನೆಯಲ್ಲೇ ಬಿಟ್ಟುಬರುವುದು ಲೇಸು: ಮುಂದಿನ ಸಣ್ಣ ಚಕ್ರದ ಹಲ್ಲುಗಳಿಗಿಂತ ಹಿಂದಿನ ದೊಡ್ಡ ಚಕ್ರದ ಹಲ್ಲುಗಳು ಹೆಚ್ಚಿರಬೇಕು, ಉದಾಹರಣೆಗೆ ಮುಂದೆ 30, ಹಿಂದೆ 42 ಅಥವಾ 46. ಊರಿನಲ್ಲಿ ಹಾಸ್ಯಾಸ್ಪದವೆನಿಸುವ ಈ ಗೇರೇ ಇಲ್ಲಿ ಗಂಟೆಗೆ ಐದು ಕಿ.ಮೀ. ವೇಗದಲ್ಲಿ ನಿಮ್ಮನ್ನು ಮೇಲಕ್ಕೆ ಒಯ್ಯುತ್ತದೆ.

ಗಾಳಿಯ ಒತ್ತಡದ ಬಗ್ಗೆ ಒಂದು ಮಾತನ್ನು ವಿವರವಾಗಿಯೇ ಹೇಳಬೇಕು. ದಾರಿಯ ಅಂಗಡಿಗಳಲ್ಲಿ ಚಿಪ್ಸ್ ಪೊಟ್ಟಣಗಳು ಚೆಂಡಿನಂತೆ ಉಬ್ಬಿ ನೇತಾಡುವುದನ್ನು ಎಲ್ಲರೂ ಕಂಡು ನಗುತ್ತಾರೆ; ಅದೇ ಕಾರಣಕ್ಕೆ ಟೈರೂ ಬಿಗಿಯಾಗುತ್ತದೆ ಎಂಬುದನ್ನು ಮರೆಯುತ್ತಾರೆ. ಬೆಂಗಳೂರಿನ ಎತ್ತರದಲ್ಲಿ ವಾತಾವರಣದ ಒತ್ತಡ ಸುಮಾರು 13 ಪಿಎಸ್‌ಐ (ಚದರ ಅಂಗುಲಕ್ಕೆ ಪೌಂಡ್). 4,500 ಮೀಟರಿನಲ್ಲಿ ಅದು ಎಂಟಕ್ಕೆ ಸ್ವಲ್ಪ ಮೇಲಷ್ಟೇ. ಹೊರಗಿನ ಒತ್ತಡ ಇಳಿದಷ್ಟೂ ಒಳಗಿನ ಗಾಳಿ ಉಬ್ಬುವುದರಿಂದ, ಊರಿನಲ್ಲಿ 30 ಪಿಎಸ್‌ಐ ತುಂಬಿದ ಟೈರು ಅಲ್ಲಿ ಸುಮಾರು 35 ತೋರಿಸುತ್ತದೆ. ಮುಂಜಾನೆಯ ಚಳಿ ಇದರಲ್ಲಿ ಕೊಂಚವನ್ನು ಕಡಿಮೆ ಮಾಡುತ್ತದೆ, ಬಿಸಿಲೇರಿದ ಮೇಲೆ ಮತ್ತೆ ಏರುತ್ತದೆ. ಆದ್ದರಿಂದ ಒತ್ತಡವನ್ನು ಕಾಜಾದಲ್ಲಿಯೇ ಗೇಜಿನಿಂದ ಅಳೆದು ಸರಿಮಾಡಿಕೊಳ್ಳಬೇಕು. ಎಪ್ಪತ್ತು ಕಿಲೋ ತೂಕದವರಿಗೆ 45 ಮಿ.ಮೀ. ಟೈರಿನಲ್ಲಿ ಮುಂದೆ 28, ಹಿಂದೆ 31 ಇದ್ದರೆ ಜಲ್ಲಿಯ ಮೇಲೆ ಹಿಡಿತವೂ ಇರುತ್ತದೆ, ರಿಮ್ಮೂ ಉಳಿಯುತ್ತದೆ. ಪಂಪು ಹೊಡೆಯುವವರಿಗೆ ಇದರ ಇನ್ನೊಂದು ಮುಖವೂ ಗೊತ್ತಿರಬೇಕು: ಗಾಳಿ ತೆಳುವಾಗಿರುವುದರಿಂದ ಊರಿನಲ್ಲಿ ನೂರು ಸಲ ಒತ್ತಿದರೆ ತುಂಬುವ ಟೈರಿಗೆ ಅಲ್ಲಿ ನೂರೈವತ್ತಕ್ಕೂ ಹೆಚ್ಚು ಸಲ ಒತ್ತಬೇಕು, ಅದೂ ಏದುಸಿರಿನಲ್ಲಿ.

ಎರಡನೆಯ ಸಲ ಹೋದಾಗ ಕೋಮಿಕ್‌ನಿಂದ ಇಳಿಯುವಾಗ ನನಗೆ ಆದದ್ದು ಇದೇ. ಪದರಗಲ್ಲಿನ ತುಣುಕೊಂದು ಹಿಂದಿನ ಟೈರಿನ ಪಕ್ಕವನ್ನು ಕಿರುಬೆರಳಿನ ಅಗಲದಷ್ಟು ಸೀಳಿತು. ತೂತು ಮುಚ್ಚಲೆಂದು ಟೈರಿನೊಳಗೆ ತುಂಬಿದ್ದ ಸೀಲೆಂಟ್ ದ್ರವ ಹಾಲಿನಂತೆ ಚಿಮ್ಮಿ ಕಾಲಿಗೆ, ಚೈನಿಗೆ, ಕಲ್ಲಿಗೆ ಬಡಿಯಿತು; ಸೀಳು ದೊಡ್ಡದಾದ್ದರಿಂದ ಮುಚ್ಚಲಿಲ್ಲ. ಖಾಲಿಯಾದ ಟೂತ್‌ಪೇಸ್ಟ್ ಟ್ಯೂಬನ್ನು ಕತ್ತರಿಸಿ ತೊಳೆದು ಇಟ್ಟುಕೊಂಡಿದ್ದ ತುಂಡನ್ನು ಒಳಗಿನಿಂದ ಸೀಳಿಗೆ ಅಡ್ಡವಿಟ್ಟು, ಟ್ಯೂಬ್ ಹಾಕಿ, ಮೂವತ್ತು ಸಲ ಪಂಪು ಒತ್ತುವುದು, ಉಸಿರು ಹಿಡಿದುಕೊಳ್ಳಲು ಕೂರುವುದು, ಮತ್ತೆ ಮೂವತ್ತು ಸಲ ಒತ್ತುವುದು, ಹೀಗೆ ಮಾಡಿ ಮುಗಿಸಲು ನಲವತ್ತು ನಿಮಿಷ ಹಿಡಿಯಿತು. ಮನೆಯ ಅಂಗಳದಲ್ಲಿ ಅದು ಹತ್ತು ನಿಮಿಷದ ಕೆಲಸ. ಒಂಟಿ ಸವಾರರು ತಮ್ಮ ಸಮಯದ ಲೆಕ್ಕದಲ್ಲಿ ಇಂಥದೊಂದು ನಲವತ್ತು ನಿಮಿಷವನ್ನು ಮೊದಲೇ ಕೂಡಿಸಿಟ್ಟಿರಬೇಕು.

ಹಾಗಾಗಿ ಚೀಲದಲ್ಲಿ ಎರಡು ಟ್ಯೂಬು, ಕೈಪಂಪು, ಟೈರಿನ ಪಕ್ಕಕ್ಕೆ ಒಳಗಿನಿಂದ ಇಡುವ ತುಂಡು, ಸಣ್ಣ ತೂತಿಗೆ ತುರುಕುವ ಪ್ಲಗ್ಗುಗಳು, ಚೈನ್ ಬಿಚ್ಚುವ ಸಾಧನವಿರುವ ಮಲ್ಟಿಟೂಲ್, ತುಂಡಾದ ಚೈನನ್ನು ಕೂಡಿಸುವ ಎರಡು ಕ್ವಿಕ್ ಲಿಂಕ್, ನಿಮ್ಮ ಚೌಕಟ್ಟಿಗೇ ಹೊಂದುವ ಡಿರೇಲರ್ ಹ್ಯಾಂಗರ್ (ಡಿರೇಲರನ್ನು ಚೌಕಟ್ಟಿಗೆ ಹಿಡಿದಿಡುವ ಲೋಹದ ತುಂಡು), ಒಂದು ಜೊತೆ ಬ್ರೇಕ್ ಪ್ಯಾಡ್ ಇರಲೇಬೇಕು. ಹ್ಯಾಂಗರ್ ಬಗ್ಗೆ ಒತ್ತಿ ಹೇಳುವುದೇಕೆಂದರೆ, ಅದು ಪ್ರತಿ ಸೈಕಲ್ಲಿಗೂ ಬೇರೆಬೇರೆ. ಕಾಜಾದಲ್ಲಿ ಯಾವ ಅಂಗಡಿಯಲ್ಲೂ ಸಿಗುವ ವಸ್ತುವಲ್ಲ. ಪಂಪಿನ ಬದಲು ಟೈರು ತುಂಬಿಸಲು ಬಳಸುವ ಇಂಗಾಲದ ಡೈಆಕ್ಸೈಡ್ ಸಿಲಿಂಡರುಗಳನ್ನು ನಂಬಬಾರದು. ವಿಮಾನ ನಿಲ್ದಾಣದಲ್ಲೇ ಅವು ನಿಮ್ಮಿಂದ ದೂರವಾಗುವ ಸಂಭವವಿದೆ.

ಉಡುಪು, ನೀರು, ಬುತ್ತಿ

ಬೆಳಿಗ್ಗೆ ಏಳಕ್ಕೆ ಚಳಿ, ಹನ್ನೊಂದಕ್ಕೆ ಸುಡುಬಿಸಿಲು, ಎರಡಕ್ಕೆ ಕೊರೆಯುವ ಗಾಳಿ: ಮೂರು ಋತುಗಳನ್ನು ಒಂದೇ ಚೀಲದಲ್ಲಿ ಹೊತ್ತುಕೊಂಡು ಹೋಗಬೇಕು. ತೆಳುವಾದ ಉಣ್ಣೆಯ ಒಳಅಂಗಿ, ಗಾಳಿ ತಡೆಯುವ ಜಾಕೆಟ್, ಮಡಚಿದರೆ ಮುಷ್ಟಿಯಲ್ಲಿ ಹಿಡಿಸುವ ತುಪ್ಪುಳಿನ ಜಾಕೆಟ್, ಪೂರ್ಣ ಬೆರಳಿನ ಕೈಗವಸು, ಕಣ್ಣಿಗೆ ಕಪ್ಪು ಕನ್ನಡಕ ಸಾಕು. ಸಾವಿರ ಮೀಟರ್ ಏರಿದಂತೆ ನೇರಳಾತೀತ ಕಿರಣದ ತೀವ್ರತೆ ಶೇ. 10ರಷ್ಟು ಹೆಚ್ಚುತ್ತದೆ, ಇಡೀ ದಾರಿಯಲ್ಲಿ ಒಂದು ಮರದ ನೆರಳೂ ಇಲ್ಲ. ಸಾಲುಮರಗಳ ಕೆಳಗೆ ಸೈಕಲ್ ಕಲಿತ ನಮಗೆ ಇದು ಮೊದಲ ದಿನ ಅರ್ಥವಾಗುವುದಿಲ್ಲ, ಎರಡನೆಯ ದಿನ ಕಿವಿಯ ಸಿಪ್ಪೆ ಏಳುವಾಗ ಅರ್ಥವಾಗುತ್ತದೆ.

ಕಾಜಾ ಮತ್ತು ಲಾಂಗ್ಜಾ ನಡುವೆ ನೀರಿನ ಮೂಲವನ್ನು ನಂಬಿಕೊಳ್ಳುವಂತಿಲ್ಲ. ಮೂರು ಲೀಟರ್ ತುಂಬಿಕೊಂಡೇ ಹೊರಡಬೇಕು. ಊರುಗಳ ಬಳಿಯ ತೊರೆಗಳಲ್ಲಿ ಯಾಕ್ ಮತ್ತು ಕುರಿಗಳು ಓಡಾಡುವುದರಿಂದ ಶುದ್ಧೀಕರಣ ಮಾತ್ರೆಗಳು ಜೊತೆಗಿರಲಿ. ಊಟದ ವಿಷಯದಲ್ಲಿ ನನ್ನ ಅನುಭವ ಹೇಳುವುದಾದರೆ, ಎತ್ತರದಲ್ಲಿ ಸವಾರರು ಶಕ್ತಿಗಾಗಿ ಹೀರುವ ಸಿಹಿ ಜೆಲ್ಲುಗಳು ನಾಲಿಗೆಗೆ ಒಗ್ಗುವುದಿಲ್ಲ. ಕಡಲೆ ಮಿಠಾಯಿ, ಖರ್ಜೂರ, ಮತ್ತು ಉಪ್ಪುಖಾರ ಹಚ್ಚಿದ ಅವಲಕ್ಕಿ ಕೊನೆಯವರೆಗೂ ರುಚಿಸುತ್ತವೆ. ಹಸಿವಾಗುವುದನ್ನು ಕಾಯದೆ, ಮುಕ್ಕಾಲು ಗಂಟೆಗೊಮ್ಮೆ ಒಂದು ಹಿಡಿ ತಿನ್ನಬೇಕು. ಹಿಂದಿನ ರಾತ್ರಿ ಕಾಜಾದಲ್ಲಿ ತುಕ್ಪಾ ಎಂಬ ಬಿಸಿ ನೂಡಲ್ ಸಾರನ್ನು ಎರಡು ಬಟ್ಟಲು ಕುಡಿದು ಮಲಗಿದರೆ ಬೆಳಗಿನ ಅರ್ಧ ಕೆಲಸ ಮುಗಿದಂತೆ.

ಹಿಂದಿನ ರಾತ್ರಿಯ ಚೀಟಿ

ಈಗ ಆ ಚೀಟಿಗೆ ಬರೋಣ. ಒಂದು ಹಾಳೆಯಲ್ಲಿ ನಿಮ್ಮ ಹೆಸರು, ರಕ್ತದ ಗುಂಪು, ಮನೆಯವರ ದೂರವಾಣಿ ಸಂಖ್ಯೆ, ಜಾಕೆಟ್ಟಿನ ಮತ್ತು ಸೈಕಲ್ಲಿನ ಬಣ್ಣ, ಯಾವ ಊರಿನ ನಂತರ ಯಾವ ಊರು ಎಂಬ ಕ್ರಮ, ಹೊರಡುವ ಸಮಯ, ಮರಳುವ ಸಮಯ ಇವೆಲ್ಲವನ್ನೂ ಹಿಂದಿಯಲ್ಲಿ ಬರೆದು ತಂಗಿರುವ ಮನೆಯವರಿಗೆ ಕೊಡಬೇಕು. ಅದರ ಕೆಳಗೆ ಒಂದು ವಾಕ್ಯ: ಸಂಜೆ ಐದರೊಳಗೆ ಬಾರದಿದ್ದರೆ ವಾಹನ ಕಳುಹಿಸಿ. ಯಾವ ವಾಹನ, ಯಾರು ಚಾಲಕ, ಬಾಡಿಗೆ ಎಷ್ಟು ಎಂಬುದನ್ನೂ ಆ ರಾತ್ರಿಯೇ ಮಾತಾಡಿ ಮುಗಿಸಿರಬೇಕು. ಬರೆದ ಕ್ರಮವನ್ನು ದಾರಿಯಲ್ಲಿ ಬದಲಿಸಕೂಡದು. ಚೆನ್ನಾಗಿ ಕಂಡ ಕವಲುದಾರಿಯೊಂದನ್ನು ಹಿಡಿದು ಹೋದವರನ್ನು ಹುಡುಕಲು ಬರುವವರು ಬೇರೆಯೇ ದಾರಿಯಲ್ಲಿ ಹುಡುಕುತ್ತಿರುತ್ತಾರೆ.

ಚೀಟಿಯ ನಕಲಿನಲ್ಲಿ ಮೂರು ಗಡಿಗಳನ್ನು ಬರೆದು ಹ್ಯಾಂಡಲ್ಲಿಗೆ ಅಂಟಿಸಿಕೊಳ್ಳುವುದು ನನ್ನ ಪದ್ಧತಿ. ಹನ್ನೊಂದೂವರೆಯೊಳಗೆ ಲಾಂಗ್ಜಾ ತಲುಪದಿದ್ದರೆ ಅಲ್ಲಿಂದಲೇ ವಾಪಸು. ಮಧ್ಯಾಹ್ನ ಒಂದರೊಳಗೆ ಹಿಕ್ಕಿಂ ಮುಟ್ಟದಿದ್ದರೆ ಕೋಮಿಕ್ ಬಿಟ್ಟು ಕಾಜಾ ದಾರಿ. ಎರಡೂವರೆಗೆ ಎಲ್ಲಿಯೇ ಇದ್ದರೂ, ಮುಂದೆ ಇಳಿಯುವುದಷ್ಟೇ. ದಾರಿಯಲ್ಲಿ ನಿಂತು ಯೋಚಿಸಿ ನಿರ್ಧರಿಸುತ್ತೇನೆ ಎನ್ನುವವರು, ಆಮ್ಲಜನಕ ಕಡಿಮೆಯಾದಾಗ ಮೊದಲು ಮಂಕಾಗುವುದು ಯೋಚನೆಯೇ ಎಂಬುದನ್ನು ನೆನಪಿಡಬೇಕು.

ಮೊಬೈಲ್ ಸಂಕೇತ ಕಾಜಾದಲ್ಲಿ ಸಿಗುತ್ತದೆ, ಮೇಲಿನ ದಾರಿಯಲ್ಲಿ ಬಂದುಹೋಗುತ್ತದೆ. ನಕ್ಷೆಯನ್ನು ಫೋನಿಗೆ ಮೊದಲೇ ಇಳಿಸಿಕೊಂಡು, ಫೋನನ್ನು ಏರೋಪ್ಲೇನ್ ಮೋಡಿನಲ್ಲಿ ಒಳಜೇಬಿನಲ್ಲಿ ಬೆಚ್ಚಗೆ ಇಟ್ಟುಕೊಳ್ಳಬೇಕು. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ಅಮೆರಿಕ, ಯುರೋಪಿನಿಂದ ಬರುವ ನಮ್ಮವರಿಗೆ ಒಂದು ಎಚ್ಚರಿಕೆ: ಅಲ್ಲಿ ಒಂಟಿ ಸವಾರರು ಸಹಜವಾಗಿ ಕೊಂಡೊಯ್ಯುವ ಉಪಗ್ರಹ ಸಂದೇಶ ಸಾಧನಗಳನ್ನು ಭಾರತದಲ್ಲಿ ಸರ್ಕಾರದ ಅನುಮತಿಯಿಲ್ಲದೆ ಇಟ್ಟುಕೊಳ್ಳುವುದು ಅಪರಾಧ. ವಿಮಾನ ನಿಲ್ದಾಣಗಳಲ್ಲಿ ಇದಕ್ಕಾಗಿ ಬಂಧನಗಳೂ ಆಗಿವೆ. ಇಲ್ಲಿ ನಿಮ್ಮ ಉಪಗ್ರಹವೆಂದರೆ ಆ ಚೀಟಿಯೇ.

ಏರು

ಏಳು ಗಂಟೆಗೆ ಹೊರಡುವುದು ಸರಿಯಾದ ಹೊತ್ತು. ಲಾಂಗ್ಜಾಕ್ಕೆ ಸುಮಾರು 16 ಕಿ.ಮೀ., ಏರು ಸುಮಾರು 700 ಮೀಟರ್. ಮೊದಲ ಅರ್ಧ ಗಂಟೆ ಬೇಕೆಂದೇ ನಿಧಾನವಾಗಿ ತುಳಿಯಬೇಕು. 4,400 ಮೀಟರಿನಲ್ಲಿ ಒಬ್ಬ ಆರೋಗ್ಯವಂತನ ದುಡಿಮೆಯ ಸಾಮರ್ಥ್ಯ ಸಮುದ್ರಮಟ್ಟಕ್ಕಿಂತ ಕಾಲುಭಾಗಕ್ಕೂ ಹೆಚ್ಚು ಕುಸಿಯುತ್ತದೆ. ಒಮ್ಮೆ ಉಸಿರು ಕಟ್ಟಿದರೆ ಊರಿನಲ್ಲಿ ಒಂದು ನಿಮಿಷದಲ್ಲಿ ತೀರುವ ಸಾಲ ಇಲ್ಲಿ ಹತ್ತು ನಿಮಿಷವಾದರೂ ತೀರುವುದಿಲ್ಲ.

ವೇಗ ಸರಿಯಾಗಿದೆಯೇ ಎಂದು ತಿಳಿಯಲು ನಾನು ಹದಿನೇಳರ ಮಗ್ಗಿಯನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತೇನೆ. ಮಧ್ಯೆ ಮಧ್ಯೆ ಉಸಿರಿಗಾಗಿ ನಿಲ್ಲಬೇಕಾದರೆ ತುಳಿತ ಜೋರಾಗಿದೆ ಎಂದರ್ಥ, ಗೇರು ಇಳಿಸಬೇಕು. ಉಸಿರು ಸರಿಯಿದ್ದೂ ಹದಿನೇಳೇಳು ಎಷ್ಟು ಎಂಬುದು ನೂರಹತ್ತೊಂಬತ್ತಕ್ಕೆ ಬಂದು ಮುಟ್ಟದಿದ್ದರೆ, ಇಳಿದು ಕೂತು ನೀರು ಕುಡಿದು ಮತ್ತೊಮ್ಮೆ ಹೇಳಿ ನೋಡಬೇಕು. ಇದು ವೈದ್ಯಕೀಯ ಪರೀಕ್ಷೆಯೇನಲ್ಲ, ಬಾಲ್ಯದಲ್ಲಿ ಪೆಟ್ಟು ತಿಂದು ಕಲಿತದ್ದಕ್ಕೆ ಸಿಕ್ಕ ಒಂದು ಉಪಯೋಗ ಅಷ್ಟೇ. ನಿಜವಾದ ಪರೀಕ್ಷೆ ಬೇರೆ ಇದೆ: ಸೈಕಲ್ ಬದಿಗಿಟ್ಟು, ಒಂದು ಪಾದದ ಹಿಮ್ಮಡಿಯನ್ನು ಇನ್ನೊಂದು ಪಾದದ ಬೆರಳಿಗೆ ತಾಗಿಸುತ್ತ ನೇರ ಗೆರೆಯಲ್ಲಿ ಹತ್ತು ಹೆಜ್ಜೆ ನಡೆಯುವುದು. ತೂರಾಡಿದರೆ, ಅಥವಾ ಸುಮ್ಮನೆ ಕೂತಾಗಲೂ ಏದುಸಿರು ಇಳಿಯದಿದ್ದರೆ, ಅದು ಮಿದುಳಿಗೆ ಇಲ್ಲವೇ ಶ್ವಾಸಕೋಶಕ್ಕೆ ನೀರು ತುಂಬುತ್ತಿರುವ ಸೂಚನೆಯಾಗಿರಬಹುದು. ಆಗ ಮಾಡಬೇಕಾದದ್ದು ಒಂದೇ, ಕೂಡಲೇ ಕೆಳಗಿಳಿಯುವುದು. ತೂರಾಡುವವರು ಸೈಕಲ್ ಮೇಲಲ್ಲ, ಬರುವ ಮೊದಲ ವಾಹನವನ್ನು ಕೈಯೊಡ್ಡಿ ನಿಲ್ಲಿಸಿ ಇಳಿಯಬೇಕು.

ಲಾಂಗ್ಜಾ ಹತ್ತಿರವಾದಂತೆ ಕಣಿವೆಯತ್ತ ಮುಖ ಮಾಡಿ ಕುಳಿತ ಬುದ್ಧನ ದೊಡ್ಡ ವಿಗ್ರಹವೂ, ಅದರ ಹಿಂದೆ 6,303 ಮೀಟರಿನ ಚಾವ್ ಚಾವ್ ಕಾಂಗ್ ನಿಲ್ಡಾ ಶಿಖರವೂ ಕಾಣುತ್ತವೆ. ಇಲ್ಲಿ ಇಪ್ಪತ್ತು ನಿಮಿಷ ನಿಲ್ಲಬಹುದು. ಕಪ್ಪು ಪದರಗಲ್ಲಿನ ಹುಡಿಯಲ್ಲಿ ಸುರುಳಿ ಮೂಡಿದ ಕಲ್ಲುಗಳು ಕಂಡರೆ ಅಚ್ಚರಿಪಡಬೇಕಾಗಿಲ್ಲ. ಹಿಮಾಲಯ ಏಳುವ ಮುನ್ನ ಇಲ್ಲಿದ್ದ ಟೆಥಿಸ್ ಸಾಗರದ ಅಮೋನೈಟ್ ಎಂಬ ಜೀವಿಗಳ ಪಳೆಯುಳಿಕೆಗಳು ಅವು. ನಮ್ಮ ಎಷ್ಟೋ ಮನೆಗಳ ದೇವರ ಪೆಟ್ಟಿಗೆಯಲ್ಲಿರುವ, ನೇಪಾಳದ ಗಂಡಕಿ ನದಿಯಿಂದ ಬಂದ ಸಾಲಿಗ್ರಾಮಗಳೂ ಇದೇ ಕುಲದವು. ಅಜ್ಜಿ ತೊಳೆದು ಗಂಧ ಹಚ್ಚುತ್ತಿದ್ದ ಕಲ್ಲಿನ ಬಂಧು ಚಕ್ರದ ಕೆಳಗೆ ಬಿದ್ದಿರುವುದನ್ನು ಕಂಡು ನಾನು ಒಮ್ಮೆ ಸೈಕಲ್ಲಿನಿಂದ ಇಳಿದದ್ದುಂಟು. ಅವನ್ನು ಎತ್ತಿಕೊಳ್ಳಬಾರದು, ಮಾರಲು ಬಂದವರಿಂದ ಕೊಳ್ಳಲೂಬಾರದು.

ಊರಿನ ನಾಯಿಗಳ ಬಗ್ಗೆ ಎರಡು ಮಾತು. ಕುರಿ ಕಾಯುವ ಈ ದಪ್ಪ ಕೂದಲಿನ ನಾಯಿಗಳಿಗೆ ತಿರುಗುವ ಚಕ್ರ ಕಂಡರೆ ಸಿಟ್ಟು. ತಪ್ಪಿಸಿಕೊಳ್ಳಲು ವೇಗವಾಗಿ ತುಳಿಯುವುದು ಈ ಎತ್ತರದಲ್ಲಿ ಆಗದ ಮಾತು. ಇಳಿದು, ಸೈಕಲ್ಲನ್ನು ನಾಯಿಗೂ ನಿಮಗೂ ನಡುವೆ ಅಡ್ಡವಿಟ್ಟುಕೊಂಡು, ಓಡದೆ ನಡೆದು ದಾಟಬೇಕು. ಹೆಚ್ಚಿನವು ತಮ್ಮ ಊರಿನ ಗಡಿಯಲ್ಲಿ ನಿಂತುಬಿಡುತ್ತವೆ.

ಹಿಕ್ಕಿಂನಲ್ಲಿ 1983ರಿಂದ ಅಂಚೆ ಕಚೇರಿಯಿದೆ. ಸುಮಾರು 4,400 ಮೀಟರ್ ಎತ್ತರದ ಈ ಕಚೇರಿ ಜಗತ್ತಿನ ಅತಿ ಎತ್ತರದ್ದೆಂದು ಹೆಸರಾಗಿದೆ. ಭಾನುವಾರ ತೆರೆದಿರುವುದಿಲ್ಲವಾದ್ದರಿಂದ ಮನೆಗೊಂದು ಕಾಗದ ಹಾಕುವ ಆಸೆಯಿರುವವರು ದಿನ ನೋಡಿಕೊಂಡು ಹೊರಡಬೇಕು. ಕಾರ್ಡನ್ನು ಹಿಂದಿನ ರಾತ್ರಿಯೇ ಬರೆದಿಟ್ಟುಕೊಂಡರೆ ಸಮಯ ಉಳಿಯುತ್ತದೆ, ಕೈಬರಹವೂ ಓದುವಂತಿರುತ್ತದೆ. ಅಲ್ಲಿಂದ ಕೋಮಿಕ್‌ಗೆ ನಾಲ್ಕು ಕಿ.ಮೀ. ಆಸುಪಾಸು, ಆದರೆ ದಿನದ ಅತಿ ಕಷ್ಟದ ಭಾಗ ಇದೇ. ತಳ್ಳಿಕೊಂಡು ನಡೆಯುವುದರಲ್ಲಿ ಅವಮಾನವೇನಿಲ್ಲ. ತುಳಿಯುವುದಕ್ಕೂ ತಳ್ಳುವುದಕ್ಕೂ ವೇಗದಲ್ಲಿ ಹೆಚ್ಚಿನ ವ್ಯತ್ಯಾಸವೂ ಇರುವುದಿಲ್ಲ. ಕೋಮಿಕ್‌ನ ಮಠದ ಅಂಗಳದಲ್ಲಿ ಗೋಡೆಗೆ ಒರಗಿ, ಗಾಳಿ ತಾಗದಂತೆ ಕೂತು, ಬುತ್ತಿ ಮುಗಿಸಿ, ತುಪ್ಪುಳಿನ ಜಾಕೆಟ್ ಹಾಕಿಕೊಂಡೇ ಏಳಬೇಕು.

ಇಳಿಜಾರು

ಅಪಘಾತಗಳ ಭಯವಿರುವುದು ಏರಿನಲ್ಲಲ್ಲ, ಇಲ್ಲಿ. ದಣಿದ ಕೈ, ಹಿಂದಿನಿಂದ ತಳ್ಳುವ ಇಳಿಜಾರು, ಹೊರ ಅಂಚಿನಲ್ಲಿ ತಡೆಗೋಡೆಯಿಲ್ಲದ ತಿರುವುಗಳು, ಅವುಗಳ ಒಳಬದಿಯಲ್ಲಿ ಗುಡ್ಡೆಯಾದ ಸಡಿಲ ಜಲ್ಲಿ. ತಿರುವಿಗೆ ಮುಂಚೆ ನೇರ ದಾರಿಯಲ್ಲಿಯೇ ವೇಗ ಇಳಿಸಿ, ತಿರುವಿನಲ್ಲಿ ಮುಂದಿನ ಬ್ರೇಕನ್ನು ಮುಟ್ಟದೆ, ಹೊರಗಿನ ಪೆಡಲಿನ ಮೇಲೆ ಭಾರ ಹಾಕಿ ಹೊರಳಬೇಕು. ಬ್ರೇಕನ್ನು ಒಂದೇ ಸಮನೆ ಹಿಡಿದಿದ್ದರೆ ಡಿಸ್ಕು ಕಾದು ಹಿಡಿತ ಸಡಿಲವಾಗುತ್ತದೆ. ಗಟ್ಟಿಯಾಗಿ ಒತ್ತಿ, ಪೂರ್ತಿ ಬಿಟ್ಟು, ಮತ್ತೆ ಒತ್ತುವುದು ಕ್ರಮ. ಐದು ಕಿ.ಮೀ.ಗೊಮ್ಮೆ ನಿಂತು ಬೆರಳುಗಳನ್ನು ಬಿಸಿಮಾಡಿಕೊಂಡು, ಟೈರಿನ ಪಕ್ಕಗಳನ್ನು ಕೈಯಿಂದ ಸವರಿ ನೋಡಬೇಕು. ಮೇಲೆ ಬರುವ ವಾಹನಕ್ಕೆ ಗುಡ್ಡದ ಬದಿಗೆ ಸರಿದು ನಿಂತು ದಾರಿ ಬಿಡಬೇಕು, ಕಣಿವೆಯ ಬದಿಗೆ ಎಂದೂ ಸರಿಯಬಾರದು.

ಎಲ್ಲ ಸರಿಯಾಗಿ ನಡೆದರೆ ಮೂರೂವರೆಯ ಸುಮಾರಿಗೆ ಕಾಜಾದ ಮನೆಗಳ ಮಾಡು ಕಾಣುತ್ತದೆ. ತಂಗಿರುವ ಮನೆ ತಲುಪಿದ ಮೇಲೆ ಮಾಡಬೇಕಾದ ಮೊದಲ ಕೆಲಸ ಸ್ನಾನವೂ ಅಲ್ಲ, ಚಹಾ ಕೂಡ ಅಲ್ಲ. ಟೂತ್‌ಪೇಸ್ಟ್ ತುಂಡು ಟೈರನ್ನು ಉಳಿಸಿದ ಆ ದಿನ ನಾನು ನಾಲ್ಕೂಕಾಲಿಗೆ ಹಿತ್ತಲ ಬಾಗಿಲಿನಿಂದ ಒಳಗೆ ಬಂದು, ಬೂಟನ್ನೂ ಕಳಚದೆ ಹಾಸಿಗೆಯ ಮೇಲೆ ಬಿದ್ದವನು ನಿದ್ದೆ ಹೋಗಿದ್ದೆ. ಎಚ್ಚರವಾದಾಗ ಹೊರಗೆ ವಾಹನವೊಂದರ ಎಂಜಿನ್ ಸದ್ದು ಕೇಳಿತು. ಮನೆಯೊಡತಿ ಕೈಯಲ್ಲಿ ನನ್ನ ಚೀಟಿ ಹಿಡಿದು, ಚಾಲಕನಿಗೆ ಜಾಕೆಟ್ಟಿನ ಬಣ್ಣವನ್ನು ಓದಿ ಹೇಳುತ್ತಿದ್ದರು. ಐದು ಗಂಟೆ ಕಳೆದು ಎರಡು ನಿಮಿಷವಾಗಿತ್ತು.